ವಸ್ತುಸಂಗ್ರಹಾಲಯಗಳಿಗೆ ವರ್ಗಣಿ ಕೊಡುವವರಾರು?

ಕನ್ನಡ ನಾಡು ಒಂದಾಗಬೇಕೆಂದು ಹಂಬಲಿಸಿದ ನಮ್ಮ ಹಿರಿಯರು ಮೊದಲು ಸಂಘಗಳನ್ನು ಕಟ್ಟಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಜನ್ಮ ತಾಳಿತು. 1914ರಲ್ಲಿ ಆಲೂರ ವೆಂಕಟರಾಯರು ಕರ್ನಾಟಕ ಇತಿಹಾಸ ಸಂಶೋಧಕ ಮಂಡಲವನ್ನು ಸ್ಥಾಪಿಸಿದರು. ಪರರಾಜ್ಯವಿದ್ದ ಆ ಕಾಲದಲ್ಲಿ ಇಂಥ ಕಾರ್ಯಗಳ ಬೆನ್ನಿಗೆ ನಿಂತವರು ಮಾಸ್ತರರು, ವಕೀಲರು, ವರ್ತಕರು. 1956ರ ನವೆಂಬರ 1ರಂದು ನಾಡು ಕೂಡಿತು. ಕೂಡಿದ್ದೇ ತಡ, ನಮ್ಮ ಸರಕಾರವೇ ಬಂದಿರುವಾಗ ನಾವು ವರ್ಗಣಿಯನ್ನೇಕೆ ತೆರಬೇಕೆಂಬ ಭಾವನೆಯು ನಮ್ಮಲ್ಲಿ ಬೇರೂರಿತು. ಇದರ ಫಲವನ್ನು ಕಾಣಬೇಕಾದರೆ ಸಣ್ಣ ವಸ್ತುಸಂಗ್ರಹಾಲಯಗಳ ಬಾಗಿಲಿಗೆ ಹೋಗಬೇಕು.

ರಾಮನಗರದ ಬಳಿಯ ಜಾನಪದ ಲೋಕವನ್ನೇ ತೆಗೆದುಕೊಳ್ಳೋಣ. ನಾಗಮಂಗಲದ ಸೀಮೆಯಲ್ಲಿ ಹುಟ್ಟಿ, ಸರಕಾರದ ಉನ್ನತಾಧಿಕಾರದಲ್ಲಿದ್ದು ನಿವೃತ್ತರಾದ ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ಈ ಲೋಕದ ಬಾಗಿಲನ್ನು ತೆರೆದರು. ಒಕ್ಕಲಿಗನ ನೇಗಿಲು, ಅಡುಗೆಮನೆಯ ಮಡಕೆ ಕುಡಿಕೆ, ತೊಗಲುಗೊಂಬೆ, ವಾದ್ಯಗಳು ಎಲ್ಲವೂ ಅಲ್ಲಿ ಒಂದೇ ಆವರಣದಲ್ಲಿವೆ. ನಕಾಶೆಯ ಮೇಲೆ ಕೂಡಿದ ನಾಡು ಅಲ್ಲಿ ಕಣ್ಣಿಗೆ ಕಾಣುತ್ತದೆ. ಈ ಸಂಸ್ಥೆಯು ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯ ಮಗ್ಗುಲಲ್ಲಿದೆ. 2023ರಲ್ಲಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಹೋಗುವ ಹೊಸ ಹೆದ್ದಾರಿಯು ತೆರೆಯಲು, ಮೈಸೂರಿಗೆ ಧಾವಿಸುವ ವಾಹನಗಳು ಹಳೆಯ ದಾರಿಯನ್ನು ತೊರೆದವು. ದಾರಿಹೋಕನ ಟಿಕೀಟಿನ ಹಣವು ಎಷ್ಟು ಅಸ್ಥಿರವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ? ದಾರಿ ಬದಲಾದರೂ ಬದಲಾಗದ ಬಂಧುಗಳು ಸಂಸ್ಥೆಗೆ ಬೇಕು.

ಇಂಥ ಸಂಸ್ಥೆಗಳ ವೆಚ್ಚವು ಕಟ್ಟಡದೊಡನೆ ಮುಗಿಯುವುದಿಲ್ಲ. ಓಲೆಗರಿಗೆ ಕಾಲಕಾಲಕ್ಕೆ ಎಣ್ಣೆ ಸವರಬೇಕು; ತೊಗಲುಗೊಂಬೆಯು ತೇವಕ್ಕೆ ಸುರುಳಿಗೊಳ್ಳದಂತೆ ನೋಡಬೇಕು; ಮರದ ಮೂರ್ತಿಗಳನ್ನು ಗೆದ್ದಲಿನಿಂದಲೂ ನೇಗಿಲ ಗುಳವನ್ನು ತುಕ್ಕಿನಿಂದಲೂ ಕಾಯಬೇಕು. ಕಾವಲುಗಾರನಿಗೆ ತಿಂಗಳ ಸಂಬಳ ತಪ್ಪುವಂತಿಲ್ಲ. ನಮ್ಮ ದಾನಶೂರರಾದರೋ ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸುವಂತಿದ್ದರೆ ಮಾತ್ರ ಕೈಬಿಚ್ಚುತ್ತಾರೆ. ಗೆದ್ದಲಿನ ಔಷಧಕ್ಕೆ ಹಣವಿತ್ತವನ ಹೆಸರನ್ನು ಯಾವ ಗೋಡೆಯ ಮೇಲೆ ಕೆತ್ತಿಸುವುದು! ಮಂಗಳೂರಿನಲ್ಲಿ ಕರ್ನಲ್ ಮಿರಾಜಕರರು ತಾಯಿ ಶ್ರೀಮಂತಿಬಾಯಿಯವರ ಸ್ಮರಣಾರ್ಥವಾಗಿ ಕಟ್ಟಡವನ್ನು ದಾನವಿತ್ತರು. 1960ರಲ್ಲಿ ಅದು ಸರಕಾರಿ ವಸ್ತುಸಂಗ್ರಹಾಲಯವಾಯಿತು. ದಾನವು ಸ್ತುತ್ಯವೇ. ಆದರೆ ಅಲ್ಲಿ ನಿತ್ಯದ ಭಾರವನ್ನು ಹೊರಲು ಸರಕಾರವಿದೆ. ಜನರೇ ಕಟ್ಟಿದ ಸಂಸ್ಥೆಗೆ ಯಾರಿದ್ದಾರೆ?

ಶಾಶ್ವತ ನಿಧಿಯೊಂದಿದ್ದರೆ ಸಾಕೆಂಬುವವರು ಸ್ವಲ್ಪ ಲೆಕ್ಕ ಹಾಕಿ ನೋಡಲಿ. ಹತ್ತು ಲಕ್ಷ ರೂಪಾಯಿಗಳನ್ನು ನೂರಕ್ಕೆ ಆರರ ಬಡ್ಡಿಯಲ್ಲಿಟ್ಟರೆ ವರ್ಷಕ್ಕೆ 60,000, ಎಂದರೆ ತಿಂಗಳಿಗೆ 5,000 ರೂಪಾಯಿ. ಒಬ್ಬ ಕಾವಲುಗಾರನ ಅರ್ಧ ಸಂಬಳಕ್ಕೂ ಅದು ಸಾಲದು. ಅದೇ, ವರ್ಷಕ್ಕೆ 200 ರೂಪಾಯಿ ಕೊಡುವ 500 ಮಂದಿ ಹಿತಚಿಂತಕರಿದ್ದರೆ ಒಂದು ಲಕ್ಷವಾಗುತ್ತದೆ. ಇದಲ್ಲದೆ ವರ್ಗಣಿ ಕೊಟ್ಟವನು ಬಂದು ನೋಡುತ್ತಾನೆ, ನೆಂಟರನ್ನು ಕರೆತರುತ್ತಾನೆ, ಮಾಡು ಸೋರಿದರೆ ಕೇಳುತ್ತಾನೆ. ಬ್ಯಾಂಕಿನ ಠೇವಣಿಯು ಕೇಳುವುದೇ?

ತಪ್ಪು ಸಂಸ್ಥೆಗಳ ಕಡೆಯಿಂದಲೂ ಉಂಟು. ವರ್ಗಣಿಯನ್ನೆತ್ತಲು ಉತ್ಸಾಹದಿಂದ ಬರುವ ಕಾರ್ಯಕರ್ತರು ವರ್ಷಾಂತ್ಯದಲ್ಲಿ ಜಮಾಖರ್ಚಿನ ಪತ್ರಿಕೆಯನ್ನು ಕಳಿಸುವಾಗ ಮಾಯವಾಗುತ್ತಾರೆ. ಹತ್ತು ರೂಪಾಯಿ ಕೊಟ್ಟವನಿಗೂ ರಸೀದಿ ಸಲ್ಲಬೇಕು. ಆ ಹಣದಿಂದ ಯಾವ ಗೊಂಬೆಯು ಉಳಿಯಿತೆಂಬುದು ಅವನಿಗೆ ತಿಳಿಯಬೇಕು. ಹಾಗೆ ಮಾಡದವರು ಜನರ ಜಿಪುಣತನವನ್ನು ಹಳಿಯುವುದು ನ್ಯಾಯವಲ್ಲ.

ಹಣವಿಲ್ಲದವರಿಗೂ ಇಲ್ಲಿ ಕೆಲಸವುಂಟು. ನಮ್ಮ ವಾಚಕರಲ್ಲಿ ಶಿಕ್ಷಕರು ಬಹುಸಂಖ್ಯರು. ಹಳೆಯ ಸಾಮಾನೊಂದು ಸಂಗ್ರಹಾಲಯಕ್ಕೆ ಬಂದಾಗ ಅದು ಯಾವ ಊರಿನದು, ಅದನ್ನು ಅಲ್ಲಿ ಏನೆಂದು ಕರೆಯುತ್ತಾರೆ, ಯಾರು ಬಳಸುತ್ತಿದ್ದರು ಎಂದು ಬರೆದಿಡದಿದ್ದರೆ ಅದು ಬರಿಯ ಕಟ್ಟಿಗೆಯೋ ಕಬ್ಬಿಣವೋ ಆಗಿಬಿಡುತ್ತದೆ. ಬೀದರಿನ ಹೆಸರು ಬೇರೆ, ಕೊಡಗಿನ ಹೆಸರು ಬೇರೆ. ಎರಡನ್ನೂ ಬಲ್ಲ ಮುದುಕರು ಪ್ರತಿ ವರ್ಷವೂ ಕಡಿಮೆಯಾಗುತ್ತಿದ್ದಾರೆ. ಬರುವ ದಸರೆಯ ಬಿಡುವಿನಲ್ಲಿ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ಊರಿನ ಸಮೀಪದ ಸಂಗ್ರಹಾಲಯಕ್ಕೆ ವರ್ಗಣಿಯೊಡನೆ ಇಂಥ ಹತ್ತು ಹೆಸರುಗಳನ್ನಾದರೂ ಬರೆದೊಯ್ಯಬೇಕೆಂದು ನಾವು ವಿಜ್ಞಾಪಿಸುತ್ತೇವೆ.