ಕಲಾವತಿಯರಿಗೆ ಆತಿಥ್ಯ

ಮದುವೆ ಮುಂಜಿಗಳು ನಡೆಯುವ ಮನೆಯಲ್ಲಿ ಓಲಗದ ದನಿಯನ್ನು ನೆಮ್ಮದಿಯಿಂದ ಕೇಳುವ ಯೋಗ ಮನೆಯೊಡತಿಗಿಲ್ಲವೆಂಬುದನ್ನು ನಮ್ಮ ವಾಚಕರು ಬಲ್ಲರು. ಉಗ್ರಾಣದ ಬೀಗದ ಕೈ ಸೊಂಟದಲ್ಲಿರುವವರೆಗೂ ಅವಳಿಗೆ ಚಪ್ಪರದಲ್ಲಿ ಠಾವಿಲ್ಲ. ಹೀಗಿರಲು, ಹೊರದೇಶಗಳ ಕಲಾವತಿಯರನ್ನು ತನ್ನ ನಾಡಿಗೇ ಕರೆದವಳ ಪಾಡೇನು? ಅವಳೂ ಕಲಾವತಿಯೇ ಆಗಿದ್ದ ಪಕ್ಷದಲ್ಲಿ ಅವಳ ಕಲೆಯ ಗತಿಯೇನು?

1983ರಲ್ಲಿ ಇಟಲಿಯ ಟ್ರೆವಿನ್ಯಾನೊ ಎಂಬ ಊರಿನಲ್ಲೊಂದು ನಾಟಕೋತ್ಸವವಾಯಿತು. ಅಲ್ಲಿ ಮಾತಿಗೆ ಕುಳಿತ ನಟಿಯರು ಒಂದು ಸಂಗತಿಯನ್ನು ಕಂಡುಕೊಂಡರು. ರಂಗದ ಮೇಲೆ ಮೆಚ್ಚುಗೆ ಪಡೆಯುವವರು ಹೆಂಗಸರು. ಅವರನ್ನು ಆಡಿಸುವವರೋ ಗಂಡಸರು! ತಾವೇ ಕೂಡಿ ಏನನ್ನಾದರೂ ಕಟ್ಟಿದರೆ ಅದು ಹೇಗಿದ್ದೀತೆಂಬ ಪ್ರಶ್ನೆ ಅಲ್ಲಿ ಹುಟ್ಟಿತು. ವೇಲ್ಸ್ ನಾಡಿನಲ್ಲಿ ಕೆಲಸಮಾಡುತ್ತಿದ್ದ ಜಿಲ್ ಗ್ರೀನ್‌ಹಾಲ್ಘ್ ಅವರು ಆ ಪ್ರಶ್ನೆಯನ್ನು ಊರಿಗೆ ಹೊತ್ತು ತಂದರು. 1986ರಲ್ಲಿ ಕಾರ್ಡಿಫ್ ನಗರದ ಚಾಪ್ಟರ್ ಕಲಾಕೇಂದ್ರದಲ್ಲಿ ನಾನಾ ದೇಶಗಳ ರಂಗಕಲಾವತಿಯರು ನೆರೆದರು. ಒಂದು ಕಾಲಕ್ಕೆ ಆ ಕಟ್ಟಡ ಶಾಲೆಯಾಗಿತ್ತಂತೆ. ಬಿಡಾರಕ್ಕೆ ಶಾಲೆಯನ್ನು ಹುಡುಕುವ ನಮ್ಮವರಿಗೆ ಇದು ಹೊಸದಲ್ಲ. ಆ ಕೂಟದಿಂದ ಮ್ಯಾಗ್ಡಲೀನಾ ಪ್ರಾಜೆಕ್ಟ್ ಎಂಬ ಬಳಗ ಬೆಳೆಯಿತು. ಉತ್ಸವ ನಡೆಸುವ ಇಚ್ಛೆಯುಳ್ಳವಳು ತನ್ನ ನಾಡಿನಲ್ಲಿ ತನ್ನ ಹೊಣೆಯ ಮೇಲೆಯೇ ನಡೆಸುವುದು ಈ ಬಳಗದ ರೂಢಿ. ಡೆನ್ಮಾರ್ಕಿನ ಹೋಲ್ಸ್ಟೆಬ್ರೊ ಎಂಬ ಚಿಕ್ಕ ಪಟ್ಟಣದಲ್ಲಿ ಓಡಿನ್ ನಾಟಕಮಂಡಲಿಯ ನಟಿ ಜೂಲಿಯಾ ವಾರ್ಲಿ ಅವರು 1992ರಲ್ಲಿ ಇಂಥ ಉತ್ಸವವನ್ನು ಆರಂಭಿಸಿದರು.

1999ರಲ್ಲಿ ಈ ಸರದಿ ನ್ಯೂಜಿಲೆಂಡಿಗೆ ಬಂದಿತು. ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಸ್ವಾಗತಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಅತಿಥಿಗಳು ಅಂಗಳದ ಅಂಚಿನಲ್ಲಿ ನಿಂತಿರುವರು. ಒಳಗಿನಿಂದ ಮೊದಲು ಕೇಳಿಬರುವುದು ಹೆಂಗಸಿನ ಕರೆ. ಅವಳು ಕರೆಯದೆ ಯಾರೂ ಕಾಲಿಡುವಂತಿಲ್ಲ. ಬಂದವರ ಪಾಲಿಗೂ ಒಬ್ಬ ಹೆಂಗಸೇ ಉತ್ತರ ಕೊಡಬೇಕು. ಅನಂತರ ಭಾಷಣಗಳು, ಮೂಗಿಗೆ ಮೂಗು ತಾಗಿಸುವ ವಂದನೆ, ಕಡೆಗೆ ಊಟ. ಊಟವಾದಮೇಲೆಯೇ ಹೊರಗಿನವರು ಒಳಗಿನವರಾದಂತೆ. ಎಷ್ಟು ಸೊಗಸಾದ ಪದ್ಧತಿ! ಆದರೆ ಬಹುಪಾಲು ಕುಲಗಳಲ್ಲಿ ಆ ಅಂಗಳದ ಭಾಷಣ ಮಾತ್ರ ಗಂಡಸರದೇ. ಇದರಲ್ಲಿ ನಗುವುದಕ್ಕೇನೂ ಇಲ್ಲ. ನಮ್ಮಲ್ಲಿಯೂ ಅರಿಸಿನ ಕುಂಕುಮ ಹಿಡಿದು ಮನೆಮನೆಗೆ ಕರೆಯಲು ಹೋಗುವವರು ಯಾರು, ಸಭೆಯಲ್ಲಿ ಸ್ವಾಗತಭಾಷಣ ಮಾಡುವವರು ಯಾರು?

ಪಾರ್ವತಿ ಬಾವುಲ್ ಅವರು 2012ರಲ್ಲಿ ಪುದುಚೇರಿಯಲ್ಲಿ ‘ತಂತಿಧಾತ್ರಿ’ ಎಂಬ ಕೂಟವನ್ನು ನಡೆಸಿ ದೇಶವಿದೇಶಗಳ ಕಲಾವತಿಯರನ್ನು ನಮ್ಮ ದೇಶಕ್ಕೇ ಬರಮಾಡಿಕೊಂಡರು. ಬಂಗಾಳದ ಬಾವುಲ್ ಹಾಡುಗಾರ್ತಿಯಾದ ಇವರು ಹಾಡುವಾಗ ಒಂದು ಕೈಯಲ್ಲಿ ಏಕತಾರಿ, ಸೊಂಟದಲ್ಲಿ ಡುಗ್ಗಿ, ಕಾಲಿನಲ್ಲಿ ಗೆಜ್ಜೆ. ಬೀಗದ ಕೈ ಸಿಕ್ಕಿಸಲು ಅಲ್ಲಿ ಸ್ಥಳವೆಲ್ಲಿ?

ಇಂಥ ಕೂಟವೊಂದು ನಮ್ಮೂರಿನಲ್ಲಿಯೂ ನಡೆದೀತು. ವಂತಿಗೆ ಕೇಳಿದರೆ ನಾವು ಕೊಟ್ಟೇವು, ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆಯನ್ನೂ ತಟ್ಟಿಯೇವು. ಕರೆದವಳೇ ರಂಗವನ್ನೇರಬೇಕಾದ ದಿನ, ಐವತ್ತು ಎಲೆಯ ಅಡಿಗೆಯನ್ನು ನೋಡಿಕೊಳ್ಳಲು ನಮ್ಮ ಪೈಕಿ ಯಾವ ಮಹಾಶಯರು ಪಂಚೆ ಎತ್ತಿಕಟ್ಟಿ ಏಳುವರೆಂದು ಕೇಳಿದೆವು. ನಮ್ಮ ಮನೆಯಲ್ಲಂತೂ ಇದಕ್ಕೆ ಇನ್ನೂ ಉತ್ತರ ಬಂದಿಲ್ಲ.