ರಕ್ತದಲ್ಲಿನ ಅಕ್ಷರದೋಷ

ರೋಗವನ್ನು ಅಣುವಿನ ಮಟ್ಟದಲ್ಲಿ ಅರಿಯುವ ವಿದ್ಯೆ ಈಚಿನ ವರ್ಷಗಳಲ್ಲಿ ಒಂದು ದೊಡ್ಡ ಘಟ್ಟವನ್ನು ಮುಟ್ಟಿದೆ. ಥಲಸ್ಸೀಮಿಯಾ ಎಂಬ ರಕ್ತವ್ಯಾಧಿಗೆ ವಂಶವಾಹಿಯನ್ನೇ ಕತ್ತರಿಸಿ ತಿದ್ದುವ ಚಿಕಿತ್ಸೆಯೊಂದಕ್ಕೆ ೨೦೨೩ರ ನವೆಂಬರಿನಲ್ಲಿ ಬ್ರಿಟನ್ನೂ ೨೦೨೪ರ ಜನವರಿಯಲ್ಲಿ ಅಮೆರಿಕವೂ ಒಪ್ಪಿಗೆಯನ್ನಿತ್ತವು. ಕ್ಯಾಸ್‌ಜೆವಿ ಎಂದು ಅದರ ಹೆಸರು. ಅಮೆರಿಕದಲ್ಲಿ ಅದಕ್ಕೆ ಕಟ್ಟಿದ ಬೆಲೆ ೨೨ ಲಕ್ಷ ಡಾಲರು. ನಮ್ಮ ಲೆಕ್ಕದಲ್ಲಿ ೧೮ ಕೋಟಿ ರೂಪಾಯಿಗೂ ಮಿಗಿಲು. ಈ ಸುದ್ದಿಯ ತುಣುಕನ್ನು ಪತ್ರಿಕೆಯಿಂದ ಕತ್ತರಿಸಿ ತಂದು ಚಿಮ್ಮಡದಲ್ಲಿ ನನ್ನ ಮುಂದಿಟ್ಟವರು ನನ್ನ ವಿದ್ಯಾರ್ಥಿಯೊಬ್ಬನ ತಂದೆ. ಬನಹಟ್ಟಿಯ ಮಗ್ಗಗಳಲ್ಲಿ ದುಡಿಯುವವರು. “ಸರ, ಇದು ನಮ್ಮಂಥವರಿಗೆ ಯಾವಾಗ ಬರ್ತದ್ರಿ?” ಎಂದು ಕೇಳಿದರು.

ಉತ್ತರ ಹೇಳುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಅವರ ಮಗ ಮೂರು ವಾರಕ್ಕೊಮ್ಮೆ ಎರಡು ದಿನ ಶಾಲೆಗೆ ತಪ್ಪಿಸಿಕೊಳ್ಳುತ್ತಿದ್ದ. ತಪ್ಪುವ ಮುಂಚಿನ ದಿನಗಳಲ್ಲಿ ಬಾಡಿದ ಮುಖ ಹೊತ್ತು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ. ನಾನು ಅವನನ್ನು ಸೋಮಾರಿಯೆಂದು ಎಣಿಸಿ, ತರಗತಿಯೆಲ್ಲ ಕೇಳುವಂತೆ ಒಂದು ದಿನ ಬೈದೆ. ಮರುದಿನ ತಂದೆ ಬಂದು, “ಸಿಟ್ಟಾಗಬ್ಯಾಡ್ರಿ ಸರ, ಬಾಗಲಕೋಟಿಗೆ ಒಯ್ದು ರಕ್ತ ಹಾಕಸ್ತೀವ್ರಿ. ಹಾಕಸಲಿಲ್ಲಂದ್ರ ಅವ ಉಳಿಯೂದಿಲ್ಲ” ಎಂದರು. ವಿಜ್ಞಾನ ಕಲಿಸುವವನೆಂದು ಹೇಳಿಕೊಳ್ಳುವ ನನಗೆ ಅಂದು ಆದ ನಾಚಿಕೆ ಈ ಲೇಖನಕ್ಕೆ ಮೂಲ.

ಈ ವ್ಯಾಧಿಯ ಒಳಗನ್ನು ವಾಚಕರು ತುಸು ನೋಡಬೇಕು. ನಮ್ಮ ಒಂದೊಂದು ಕೆಂಪು ರಕ್ತಕಣದಲ್ಲಿಯೂ ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಸುಮಾರು ೨೭ ಕೋಟಿ ಅಣುಗಳಿರುತ್ತವೆ. ಪ್ರತಿಯೊಂದು ಅಣುವಿನಲ್ಲಿ ಎರಡು ಆಲ್ಫಾ ಸರಪಳಿ, ಎರಡು ಬೀಟಾ ಸರಪಳಿ. ಬೀಟಾ ಸರಪಳಿಯನ್ನು ಹೇಗೆ ನೇಯಬೇಕೆಂಬ ಆಜ್ಞೆ ಹನ್ನೊಂದನೆಯ ವರ್ಣತಂತುವಿನಲ್ಲಿ ಬರೆದಿದೆ. ಆ ಬರವಣಿಗೆಯಲ್ಲಿ ಒಂದು ಅಕ್ಷರ ಮಾತ್ರ ಬದಲಾದರೂ ಸಾಕು, ನೇಯ್ಗೆ ಕೆಡುತ್ತದೆ. ಭಾರತದಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ ಇಂಥ ಒಂದೇ ಅಕ್ಷರದ್ದು. ಬನಹಟ್ಟಿಯ ಆ ನೇಕಾರರಿಗೆ ನಾನು ಹೀಗೆ ಹೇಳಿದೆ: ಜಕಾರ್ಡ್ ಮಗ್ಗದ ರಟ್ಟಿನಲ್ಲಿ ಒಂದು ತೂತು ತಪ್ಪಿ ಬಿದ್ದರೆ ಆ ರಟ್ಟಿನಿಂದ ನೇಯ್ದ ಪ್ರತಿಯೊಂದು ಸೀರೆಯಲ್ಲಿಯೂ ಅದೇ ತಪ್ಪು ಬರುವುದಿಲ್ಲವೇ? ನೇಕಾರನ ಕೈ, ನೂಲು, ಬಣ್ಣ ಯಾವುದರದೂ ದೋಷವಲ್ಲ. ಅವರಿಗೆ ತಟ್ಟನೆ ತಿಳಿಯಿತು.

ಬೀಟಾ ಸರಪಳಿ ಸಾಲದೆ ಹೋದಾಗ ಜೊತೆ ಸಿಗದ ಆಲ್ಫಾ ಸರಪಳಿಗಳು ಗಟ್ಟಿಯಾಗಿ ಕೂತು, ಇನ್ನೂ ಬೆಳೆಯುತ್ತಿರುವ ರಕ್ತಕಣವನ್ನು ಅಸ್ಥಿಮಜ್ಜೆಯಲ್ಲಿಯೇ ಕೊಲ್ಲುತ್ತವೆ. ಕೊರತೆಯನ್ನು ತುಂಬಲು ಮಜ್ಜೆ ಹಿಗ್ಗುತ್ತದೆ. ಮುಖದ ಎಲುಬುಗಳು ಉಬ್ಬುತ್ತವೆ, ಗುಲ್ಮ ದೊಡ್ಡದಾಗುತ್ತದೆ. ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್‌ಗೆ ಬೀಟಾ ಸರಪಳಿ ಬೇಡ, ಗಾಮಾ ಎಂಬ ಬೇರೊಂದು ಸಾಕು. ಆದುದರಿಂದಲೇ ಮಗು ಚೆನ್ನಾಗಿ ಹುಟ್ಟಿ, ಆರು ತಿಂಗಳು ಕಳೆಯುವ ಹೊತ್ತಿಗೆ ಬಿಳಿಚಿಕೊಳ್ಳತೊಡಗುತ್ತದೆ. ಹೊಸ ಚಿಕಿತ್ಸೆಯ ಜಾಣ್ಮೆಯೂ ಇಲ್ಲಿಯೇ ಇದೆ. ರೋಗಿಯ ಮಜ್ಜೆಯ ಮೂಲಕೋಶಗಳನ್ನು ಹೊರತೆಗೆದು, ಹುಟ್ಟಿದ ಮೇಲೆ ಗಾಮಾ ಸರಪಳಿಯನ್ನು ಅಡಗಿಸುವ ತಡೆಯನ್ನು ಕತ್ತರಿಸಿ ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಶಿಶುವಿನ ರಕ್ತ ಮರಳಿ ಹುಟ್ಟುತ್ತದೆ. ಆದರೆ ಅದಕ್ಕೆ ಮುನ್ನ ಹಳೆಯ ಮಜ್ಜೆಯನ್ನು ತೀಕ್ಷ್ಣವಾದ ಔಷಧಗಳಿಂದ ಬರಿದು ಮಾಡಬೇಕು. ಆದ್ದರಿಂದ ಇದು ಒಂದು ಸೂಜಿಮದ್ದಿನಲ್ಲಿ ಮುಗಿಯುವ ಕೆಲಸವಲ್ಲ.

ಆ ಚಿಕಿತ್ಸೆ ಸಿಗದವರಿಗೆ ಉಳಿದದ್ದು ಪರರ ರಕ್ತ. ಒಂದು ಚೀಲ ರಕ್ತದೊಡನೆ ಸುಮಾರು ೨೦೦ ಮಿಲಿಗ್ರಾಂ ಕಬ್ಬಿಣ ಒಳಸೇರುತ್ತದೆ. ದೇಹವೋ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ ಹೊರಹಾಕಬಲ್ಲುದು. ಮಿಕ್ಕುದು ಹೃದಯದಲ್ಲಿ, ಯಕೃತ್ತಿನಲ್ಲಿ ಕೂಡುತ್ತದೆ. ಅದನ್ನು ಇಳಿಸಲು ಪ್ರತಿದಿನ ಬೇರೆ ಔಷಧ ಬೇಕು. ಉಳಿಸುವ ರಕ್ತವೇ ನಿಧಾನವಾಗಿ ಕೊಲ್ಲದಂತೆ ಕಾಯುವುದು ಈ ತಂದೆತಾಯಿಗಳ ನಿತ್ಯದ ಬದುಕು. ಹೊಂದುವ ಮಜ್ಜೆ ದೊರೆತರೆ ಕಸಿ ಮಾಡಿ ಗುಣಪಡಿಸಬಹುದು. ೨೦೧೭ರಲ್ಲಿ ಆರಂಭವಾದ ಕೋಲ್ ಇಂಡಿಯಾದ ಬಾಲ ಸೇವಾ ಯೋಜನೆ ಇದಕ್ಕಾಗಿ ೧೦ ಲಕ್ಷ ರೂಪಾಯಿಯವರೆಗೆ ನೆರವು ಕೊಡುತ್ತಿದೆ. ಆದರೆ ಹೊಂದುವ ಒಡಹುಟ್ಟಿದವರು ಎಲ್ಲರಿಗೂ ಇರುವುದಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರುತ್ತೇನೆ. ಆ ಹುಡುಗನ ತಾಯಿಯನ್ನು ಆಕೆಯ ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ಈಗ ಹುಡುಗನ ಅಕ್ಕನನ್ನು, ಪದವಿ ಮುಗಿಸಿದವಳನ್ನು, ತಾಯಿಯ ತಮ್ಮನಿಗೆ ಕೊಡುವ ಮಾತು ನಡೆದಿತ್ತು. ನಮ್ಮ ಕಡೆ ಇದು ಹೊಸದಲ್ಲ. ಹೊಲ ಹೊರಗೆ ಹೋಗಬಾರದು, ಹೆಣ್ಣುಮಗಳು ಪರರ ಮನೆಯಲ್ಲಿ ನೋಯಬಾರದು ಎಂಬ ಎರಡು ಕಾಳಜಿಗಳು ಸೋದರಿಕೆಯ ಹಿಂದಿವೆ. ಎರಡನೆಯದನ್ನು ನಾನು ಹಗುರವಾಗಿ ಕಾಣಲಾರೆ.

ಲೆಕ್ಕ ಮಾತ್ರ ಲೆಕ್ಕವೇ. ದೋಷವುಳ್ಳ ವಂಶವಾಹಿ ಒಂದೇ ಇದ್ದರೆ ಮನುಷ್ಯ ಆರೋಗ್ಯವಂತ. ಅವನು ವಾಹಕ, ಅಷ್ಟೇ. ತಂದೆತಾಯಿಗಳಿಬ್ಬರೂ ವಾಹಕರಾದರೆ ಪ್ರತಿಯೊಂದು ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗದ ಸಂಭವ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ವಾಹಕರೆಂಬ ಅಂದಾಜಿದೆ. ನೂರಕ್ಕೆ ನಾಲ್ವರೆಂದು ಹಿಡಿದರೂ, ಸಂಬಂಧವಿಲ್ಲದ ಇಬ್ಬರು ಮದುವೆಯಾದಾಗ ಮಗುವಿಗೆ ರೋಗ ಬರುವ ಸಂಭವ ೨೫೦೦ರಲ್ಲಿ ಒಂದು. ಈ ಹುಡುಗಿಯಾದರೋ, ತಾನು ಆರೋಗ್ಯವಂತಳಾಗಿದ್ದು ತಮ್ಮ ರೋಗಿಯಾಗಿರುವುದರಿಂದ, ವಾಹಕಳಾಗಿರುವ ಸಂಭವ ಮೂರರಲ್ಲಿ ಎರಡು. ಆಕೆಯ ಸೋದರಮಾವ ವಾಹಕನಾಗಿರುವ ಸಂಭವ ಕನಿಷ್ಠ ಎರಡರಲ್ಲಿ ಒಂದು. ಎಲ್ಲವನ್ನೂ ಗುಣಿಸಿದರೆ ಅವರ ಮಗುವಿಗೆ ರೋಗ ಬರುವ ಸಂಭವ ೧೨ರಲ್ಲಿ ಒಂದು. ಪರೀಕ್ಷೆ ಮಾಡಿಸದೆ ಈ ಮದುವೆಯನ್ನು ನಡೆಸುವುದು ಇಷ್ಟು ದೊಡ್ಡ ಜೂಜು.

ಹಾಗೆಂದು ಸೋದರಿಕೆಯೇ ಈ ರೋಗದ ತಾಯಿಯೆಂದು ಭಾವಿಸಬಾರದು. ಸೋದರಿಕೆಯ ರೂಢಿಯಿಲ್ಲದ ಸಿಂಧಿ, ಪಂಜಾಬಿ ಸಮುದಾಯಗಳಲ್ಲಿಯೂ ಥಲಸ್ಸೀಮಿಯಾ ಹೆಚ್ಚಾಗಿದೆ. ಜಾತಿಯೊಳಗೇ ಹೆಣ್ಣು ಕೊಟ್ಟು ತರುವುದೂ ಒಂದು ವಿಶಾಲವಾದ ಬಳಗದೊಳಗಿನ ಮದುವೆಯೇ. ಇನ್ನು ಈ ದೋಷ ಇಷ್ಟು ಜನರಲ್ಲಿ ಏಕೆ ಉಳಿಯಿತು? ೧೯೪೯ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಇದಕ್ಕೊಂದು ಕಾರಣವನ್ನು ಸೂಚಿಸಿದರು: ವಾಹಕರ ರಕ್ತದಲ್ಲಿ ಮಲೇರಿಯಾ ಸುಲಭವಾಗಿ ಬೇರೂರಲಾರದು. ಅಜ್ಜಂದಿರನ್ನು ಜ್ವರದಿಂದ ಉಳಿಸಿದುದೇ ಮೊಮ್ಮಕ್ಕಳಿಗೆ ಭಾರವಾಗಿದೆ. ಇದರಲ್ಲಿ ಪಾಪವೆಲ್ಲಿ, ಶಾಪವೆಲ್ಲಿ? ೧೯೫೭ರಲ್ಲಿ ಭಾರತಕ್ಕೆ ಬಂದು ನೆಲೆಸಿ ಇಲ್ಲಿಯೇ ಕಣ್ಣು ಮುಚ್ಚಿದ ಅದೇ ಹಾಲ್ಡೇನ್, ನೆರೆಯ ಆಂಧ್ರದ ಸೋದರಮಾವ–ಸೊಸೆಯ ಮದುವೆಗಳ ಅಧ್ಯಯನಕ್ಕೆ ತಮ್ಮ ಶಿಷ್ಯರನ್ನು ತೊಡಗಿಸಿದವರು.

ಕರ್ನಾಟಕಕ್ಕೂ ಈ ವಿದ್ಯೆ ಹೊರಗಿನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ೧೯೮೦ರಿಂದ ಮೊದಲ್ಗೊಂಡು ಬೆಂಗಳೂರು, ಮೈಸೂರುಗಳಲ್ಲಿ ಸಹಸ್ರಾರು ನವಜಾತ ಶಿಶುಗಳ ರಕ್ತದ ಹನಿಗಳನ್ನು ಸಂಗ್ರಹಿಸಿ ಹುಟ್ಟು ದೋಷಗಳನ್ನು ಹುಡುಕಿದರು. ಆ ಶಿಶುಗಳ ತಂದೆತಾಯಿಗಳಲ್ಲಿ ಮೂರರಲ್ಲೊಂದು ಪಾಲಿನಷ್ಟು ಜೋಡಿಗಳು ರಕ್ತಸಂಬಂಧಿಗಳೆಂದು ಅವರು ಕಂಡರು. ನಲವತ್ತು ವರ್ಷಗಳ ಹಿಂದೆಯೇ ನಮ್ಮ ವಿಜ್ಞಾನಿಗಳಿಗೆ ತಿಳಿದಿದ್ದುದು ನಮ್ಮ ಹಳ್ಳಿಯ ಬೀಗತನದ ಮಾತಿಗೆ ಇನ್ನೂ ತಲುಪಿಲ್ಲವೆಂಬುದೇ ನನ್ನ ದೂರು.

ತಲುಪಬೇಕಾದುದು ದುಬಾರಿಯಾದುದೇನೂ ಅಲ್ಲ. ವಾಹಕರ ರಕ್ತದಲ್ಲಿ ಹಿಮೋಗ್ಲೋಬಿನ್ ಎ-೨ ಎಂಬುದು ಸಾಮಾನ್ಯವಾಗಿ ನೂರಕ್ಕೆ ಮೂರೂವರೆಗಿಂತ ಹೆಚ್ಚಾಗಿರುತ್ತದೆ. ಬಾಳಿನಲ್ಲಿ ಒಮ್ಮೆ ಮಾಡಿಸಿದರೆ ಸಾಕಾದ ಪರೀಕ್ಷೆ. ವಾಹಕರ ರಕ್ತಕಣಗಳು ಸಣ್ಣವಾಗಿರುವುದರಿಂದ ಎಷ್ಟೋ ವೇಳೆ ಅದನ್ನು ಕಬ್ಬಿಣದ ಕೊರತೆಯೆಂದು ಎಣಿಸಿ ಗುಳಿಗೆ ಕೊಟ್ಟು ಕಳಿಸುತ್ತಾರೆ. ಇಬ್ಬರೂ ವಾಹಕರೆಂದು ತಿಳಿದರೂ ಮದುವೆ ಮುರಿಯಲೇಬೇಕೆಂದಿಲ್ಲ. ಬಸಿರಿನ ಹನ್ನೊಂದನೆಯ ವಾರದ ಸುಮಾರಿಗೆ ಶಿಶುವಿನ ಸ್ಥಿತಿಯನ್ನು ಅರಿಯುವ ಉಪಾಯವಿದೆ. ಸೈಪ್ರಸ್ ದ್ವೀಪದಲ್ಲಿ ೧೯೭೦ರ ದಶಕದಿಂದ ಹೀಗೆ ಪರೀಕ್ಷಿಸುತ್ತ ಬಂದುದರಿಂದ ರೋಗಪೀಡಿತ ಶಿಶುಗಳ ಜನನ ಬಹುಮಟ್ಟಿಗೆ ನಿಂತೇ ಹೋಗಿದೆ. ನಮ್ಮಲ್ಲಿ ೨೦೧೬ರ ವಿಕಲಚೇತನರ ಕಾನೂನು ಥಲಸ್ಸೀಮಿಯಾವನ್ನು ತನ್ನ ಪಟ್ಟಿಗೆ ಸೇರಿಸಿತು. ೨೦೨೩ರ ಜುಲೈಯಲ್ಲಿ ಕುಡುಗೋಲು ಕಣದ ರಕ್ತಹೀನತೆಯನ್ನು ತೊಡೆಯುವ ರಾಷ್ಟ್ರೀಯ ಅಭಿಯಾನ ಬುಡಕಟ್ಟು ಜಿಲ್ಲೆಗಳಿಗಾಗಿ ಆರಂಭವಾಯಿತು. ಎರಡೂ ಸಂತೋಷದ ಸಂಗತಿಗಳು. ಆದರೆ ಅದೇ ಬೀಟಾ ಸರಪಳಿಯ ಇನ್ನೊಂದು ದೋಷಕ್ಕೆ, ಕಬ್ಬಿನ ಗದ್ದೆಗಳ ನಡುವಿನ ನಮ್ಮಂಥ ಊರುಗಳಲ್ಲಿ, ಅಷ್ಟೇ ಶ್ರದ್ಧೆಯ ಪರೀಕ್ಷೆ ಬೇಡವೇ?

ಇಲ್ಲಿ ಒಂದು ಅಪಾಯವನ್ನೂ ಮರೆಯಬಾರದು. ಪರೀಕ್ಷೆಯ ಮಾತೆತ್ತಿದಾಗ ಆ ಮನೆಯ ಅಜ್ಜಿ, “ಹುಡುಗಿ ರಕ್ತದಾಗ ದೋಷ ಐತಿ ಅಂತ ಊರಾಗ ಸುದ್ದಿಯಾದ್ರ ಆಕಿನ್ನ ಯಾರ ತಗೋತಾರ?” ಎಂದರು. ಅವರ ಭಯ ಅಜ್ಞಾನದ್ದಲ್ಲ, ಅನುಭವದ್ದು. ದೋಷ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದರೂ ನಿಂದೆ ಪೂರ್ತಿಯಾಗಿ ತಾಯಿಯ ಪಾಲಿಗೆ ಬಿದ್ದುದನ್ನು ಅವರು ಕಣ್ಣಾರೆ ಕಂಡಿದ್ದರು. ಗಂಡು ಸುಮ್ಮನೆ ಕೂತು ಹೆಣ್ಣೊಬ್ಬಳನ್ನೇ ಪರೀಕ್ಷೆಗೆ ಕಳಿಸುವುದಾದರೆ, ಜ್ಞಾನವೂ ಅವಳ ಮೇಲೆ ಹೊರಿಸಿದ ಮತ್ತೊಂದು ಕಳಂಕವಾದೀತು. ನಾನು ನಿರುತ್ತರನಾದೆ. ಉತ್ತರ ಬಂದುದು ಆ ಸೋದರಮಾವನಿಂದ. “ಮೊದಲ ನಂದು ತಗೀಲಿ ಬಿಡವ್ವ” ಎಂದು ಅವನು ಎದ್ದು ನಿಂತ. ವಾಹಕನಲ್ಲದವನು ಅವನಾದರೆ ಹುಡುಗಿಯನ್ನು ಯಾರೂ ಕೇಳಬೇಕಾಗಿಯೇ ಇಲ್ಲ. ಎಷ್ಟು ಸರಳವಾದ ತರ್ಕ! ಪರೀಕ್ಷೆಯ ಫಲವೇನೆಂದು ನಾನು ಕೇಳಲಿಲ್ಲ. ಅದು ಅವರ ಮನೆಯ ಮಾತು.

ನೇಕಾರರ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟು: ೧೮ ಕೋಟಿಯ ಚಿಕಿತ್ಸೆ ಅಗ್ಗವಾಗುವ ಕಾಲ ಬರಬಹುದು, ಬರಲಿ, ಅದು ನಿಮ್ಮ ಮಗನಿಗೆ ಬೇಕು. ಅವನಿಗೆ ಇಂದು ಬೇಕಾದದ್ದು ತಪ್ಪದೆ ಸಿಗುವ ಶುದ್ಧ ರಕ್ತ, ಕಬ್ಬಿಣವಿಳಿಸುವ ಔಷಧ, ಹಾಗೂ ಬೈಯದ ಮಾಸ್ತರ. ಇನ್ನೂ ಹುಟ್ಟದ ಮಕ್ಕಳಿಗೆ ಬೇಕಾದದ್ದು ಆ ಸಣ್ಣ ಪರೀಕ್ಷೆ.

ಹತ್ತನೆಯ ತರಗತಿಯಲ್ಲಿ ನಾವು ಮೆಂಡೆಲನ ಬಟಾಣಿಯನ್ನು ಕಲಿಸುತ್ತೇವೆ. ಉದ್ದ ಗಿಡ, ಗಿಡ್ಡ ಗಿಡ, ಮೂರಕ್ಕೆ ಒಂದು; ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಅದೇ ಲೆಕ್ಕ ತಮ್ಮ ರಕ್ತದಲ್ಲಿಯೂ ಇದೆಯೆಂದು ನಾನು ಇಷ್ಟು ವರ್ಷ ಹೇಳಿರಲಿಲ್ಲ. ಈ ವರ್ಷ ಹೇಳಿದೆ. ಪಾಠ ಮುಗಿದ ಮೇಲೆ ಕೊನೆಯ ಬೆಂಚಿನ ಆ ಹುಡುಗ ಎದ್ದು ನಿಂತು, “ಅದು ನನಗ ಐತ್ರಿ ಸರ” ಎಂದು ತಾನಾಗಿ ತರಗತಿಗೆ ಹೇಳಿದ. ಯಾರೂ ನಗಲಿಲ್ಲ. ಒಬ್ಬ ಮಾತ್ರ, ರಕ್ತ ಕೊಡಲು ಎಷ್ಟು ವಯಸ್ಸಾಗಬೇಕೆಂದು ಕೇಳಿದ. ಹದಿನೆಂಟು ಎಂದು ಹೇಳಿದೆ.