ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದರೆ ಕಾರಿನ ಪಿಕಪ್, ಮೈಲೇಜ್ ಹೆಚ್ಚುತ್ತದೆಯೇ?

ಕಂಪನಿ ಕೊಟ್ಟ ಏರ್ ಫಿಲ್ಟರ್ ಬಾಕ್ಸ್ ತೆಗೆದು ‘ಕೋಲ್ಡ್ ಏರ್ ಇನ್‌ಟೇಕ್’ ಹಾಕಿಸಿದರೆ ಪಿಕಪ್ಪೂ ಮೈಲೇಜೂ ಹೆಚ್ಚುತ್ತದೆ ಎನ್ನುವ ಮಾತು ಕಾರು ಪ್ರಿಯರಲ್ಲಿ ಆಗಾಗ ಕೇಳಿಬರುತ್ತದೆ. ಇದರ ಹಿಂದಿನ ವಿಜ್ಞಾನವೇನೋ ಸುಳ್ಳಲ್ಲ. ಗಾಳಿ 10 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಅಷ್ಟೇ ಜಾಗದಲ್ಲಿ ಸುಮಾರು 3% ಹೆಚ್ಚು ಆಮ್ಲಜನಕ ಇರುತ್ತದೆ.

ಆದರೆ ಈಗಿನ ಬಹುತೇಕ ಕಾರುಗಳ ಮೂಲ ಬಾಕ್ಸ್ ಕೂಡ ಗ್ರಿಲ್ ಅಥವಾ ಫೆಂಡರ್ ಬಳಿಯಿಂದ ಹೊರಗಿನ ಗಾಳಿಯನ್ನೇ ಎಳೆಯುತ್ತದೆ. ಅದನ್ನು ಕಿತ್ತು ಬಾನೆಟ್ ಒಳಗೆ ತೆರೆದ ಕೋನ್ ಫಿಲ್ಟರ್ ಕೂರಿಸಿದರೆ, ಟ್ರಾಫಿಕ್‌ನಲ್ಲಿ ನಿಂತಾಗ ಎಂಜಿನ್ ಕುಡಿಯುವುದು ತನ್ನದೇ ಬಿಸಿಗಾಳಿಯನ್ನು!

ಹಾಗಾದರೆ ಹಾಕಿಸಿದವರಿಗೆ ಕಾರು ಜೋರಾದಂತೆ ಅನಿಸುವುದೇಕೆ? ಮೂಲ ಬಾಕ್ಸ್ ಗಾಳಿ ಎಳೆಯುವ ಸದ್ದನ್ನೂ ಅಡಗಿಸುತ್ತದೆ. ಅದು ಹೋದ ಮೇಲೆ ಎಂಜಿನ್ ಗುಡುಗುತ್ತದೆ, ಕಿವಿ ಅದನ್ನೇ ವೇಗ ಎಂದುಕೊಳ್ಳುತ್ತದೆ. ಟರ್ಬೊ ಎಂಜಿನ್‌ಗೆ ಟ್ಯೂನಿಂಗ್ ಮಾಡಿಸಿ ರೇಸ್ ಓಡಿಸುವವರ ಲೆಕ್ಕ ಬೇರೆ.

ಮೈಲೇಜ್ ವಿಷಯಕ್ಕೆ ಬಂದರೆ, ಎಷ್ಟು ಗಾಳಿಗೆ ಎಷ್ಟು ಇಂಧನ ಎಂಬುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿದಾಗ, ಇಂತಹ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಹೆಚ್ಚೇನೂ ಬದಲಾಗಲಿಲ್ಲ.

ನನಗೆ ನಿಜವಾದ ಭಯ ಮಳೆಯದ್ದು. ಕೆಲವು ಕಿಟ್‌ಗಳ ಫಿಲ್ಟರ್ ಬಂಪರ್ ಹಿಂದೆ ತೀರಾ ಕೆಳಗಿರುತ್ತದೆ. ನೀರು ತುಂಬಿದ ಅಂಡರ್‌ಪಾಸ್‌ನಲ್ಲಿ ಅದು ಮುಳುಗಿದರೆ ಎಂಜಿನ್ ನೀರು ಎಳೆದುಕೊಳ್ಳುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಕೆಡಬಹುದು.

ಪಿಕಪ್ ಕುಗ್ಗಿದೆ ಅನಿಸಿದರೆ ಮೊದಲು ಹಳೆಯ ಬಾಕ್ಸ್ ತೆರೆದು ನೋಡಿ. ಧೂಳು ಕಟ್ಟಿದ್ದರೆ ಒಳಗಿನ ಫಿಲ್ಟರ್ ಮಾತ್ರ ಬದಲಿಸಿ.